ರಾಜನ ತಲೆ ಮತ್ತು ಎರಡನೇ ಪ್ಯಾರಾ

ಬೆರಗಾಗುವುದು ನನಗೆ ಒಂದು ಕಾಯಿಲೆಯ ಹಾಗೆ ಅಂಟಿಕೊಂಡಿದೆ. ಬೇರೆಯವರಿಗೆ ನೆಗಡಿ ಬರುವಷ್ಟು ಸಲೀಸಾಗಿ ನನಗೆ ಬೆರಗು ಬರುತ್ತದೆ. ಐವತ್ತು ದಾಟಿದ, ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಎನ್ನಿಸಿಕೊಂಡ, ದಿನಕ್ಕೆ ನಾಲ್ಕಾರು ಜನರ ಮೇಲೆ ರೇಗುವ ಅಧಿಕಾರವಿರುವ ಮನುಷ್ಯ ಹೀಗೆ ಬಾಯಿ ಬಿಟ್ಟುಕೊಂಡು ನಿಲ್ಲಬಾರದು ಎಂದು ನನಗೂ ಗೊತ್ತು. ಆದರೂ ನಮ್ಮ ಚಾಮರಾಜಪೇಟೆಗೆ ಮೊದಲ ಸಲ ದುಡ್ಡು ಕೊಡುವ ಯಂತ್ರ ಬಂದಾಗ, ಅದು ಕರಕರ ಸದ್ದು ಮಾಡಿ ನೋಟು ಚಾಚಿದ್ದನ್ನು ಕಂಡು ನಾನು ಅದಕ್ಕೆ ಕೈಮುಗಿದುಬಿಟ್ಟಿದ್ದೆ. ಹಿಂದೆ ನಿಂತಿದ್ದವರೊಬ್ಬರು, "ಸಾರ್, ಪ್ರದಕ್ಷಿಣೆ ಆಮೇಲೆ ಹಾಕಿ, ನಮಗೆ ಆಫೀಸಿಗೆ ಟೈಮಾಗ್ತಿದೆ" ಎಂದರು. ಆ ಯಂತ್ರ ಈಗ ಹಳೆಯದಾಗಿದೆ. ನನ್ನ ಕಾಯಿಲೆ ಮಾತ್ರ ಹಾಗೇ ಇದೆ. ನಾನೀಗ ಹೇಳಹೊರಟಿರುವುದರಲ್ಲಿ ಒಬ್ಬ ಕಳ್ಳನಿದ್ದಾನೆ, ಒಂದು ಬ್ಯಾಂಕಿದೆ, ನನ್ನ ಹೆಂಡತಿ ವಿಶಾಲು ಇದ್ದಾಳೆ. ಮೂವರ ಬಗ್ಗೆಯೂ ನನಗೆ ಬೆರಗೇ. ಆದರೆ ಅದರಲ್ಲಿ ಹೆಚ್ಚುಕಡಿಮೆ ಇದೆ, ಅದು ಮುಂದೆ ನಿಮಗೇ ತಿಳಿಯುತ್ತದೆ.

ಮೊದಲು ಗೊಂಬೆಯ ವಿಷಯ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿಗೆ ತವರಿನವರು ಪಟ್ಟದ ಗೊಂಬೆ ಕೊಡುತ್ತಾರೆ. ಮರದ ಒಬ್ಬ ರಾಜ, ಒಬ್ಬಳು ರಾಣಿ. ನವರಾತ್ರಿಯಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲು ಇವರದು. ಇವರು ಕೂತ ಮೇಲೆಯೇ ಮಿಕ್ಕ ದೇವರು, ದಿಂಡರು, ದಿನಸಿ ಅಂಗಡಿಯ ಶೆಟ್ಟರು, ಬ್ಯಾಂಡ್‌ಸೆಟ್ಟಿನವರು ಎಲ್ಲ ಕೂರಬೇಕು. ವಿಶಾಲುವಿನ ರಾಜ ರಾಣಿಯರು ರಕ್ತಚಂದನದವರು. ಅವಳ ತಾಯಿ, ತಮ್ಮ ತಾಯಿ ಕೊಟ್ಟಿದ್ದನ್ನೇ ಮಗಳಿಗೆ ದಾಟಿಸಿದ್ದರು. ಆಕೆ ತೀರಿಕೊಂಡ ಮೇಲಂತೂ ವಿಶಾಲುವಿಗೆ ಆ ಜೋಡಿ ಬರೀ ಗೊಂಬೆಯಾಗಿ ಉಳಿಯಲಿಲ್ಲ. ಹಬ್ಬ ಮುಗಿದು ಅವರನ್ನು ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತುವಾಗ, "ಬರೋ ವರ್ಷ ಸಿಗೋಣ ಅಮ್ಮ" ಎಂದು ಮೆಲ್ಲಗೆ ಹೇಳಿಯೇ ಟ್ರಂಕು ಮುಚ್ಚುತ್ತಿದ್ದಳು.

ಇನ್ನು ನನ್ನ ವಿಷಯ. ಮೂರು ವರ್ಷದ ಹಿಂದೆ ಜನವರಿಯ ಒಂದು ಭಾನುವಾರ ವಿಶಾಲು ಮಲ್ಲೇಶ್ವರದ ತನ್ನ ತಂಗಿಯ ಮನೆಗೆ ಹೋಗಿದ್ದಳು. ಆ ವಾರ ಮನೆಗೆ ಸುಣ್ಣ ಹೊಡೆಸುತ್ತಿದ್ದೆವು, ಹಾಗಾಗಿ ಅಟ್ಟದ ಸಾಮಾನೆಲ್ಲ ಹಜಾರದಲ್ಲಿತ್ತು. ಹೊಸ ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯೋಣವೆಂದು ನನಗೆ ಹುರುಪು ಬಂತು. ನನಗೆ ಹುರುಪು ಬರುವುದು ವರ್ಷಕ್ಕೆ ಒಂದೋ ಎರಡೋ ಸಲ, ಬಂದಾಗ ತಡೆಯಬಾರದು ಎನ್ನುವುದು ನನ್ನ ನಂಬಿಕೆ. ಸುತ್ತಿಗೆ ಹುಡುಕಿದೆ. ಸುಣ್ಣ ಹೊಡೆಯುವವರು ಒಯ್ದಿದ್ದರು. ಕಲ್ಲು ಹುಡುಕಿದೆ. ಚಾಮರಾಜಪೇಟೆಯ ಮನೆಯೊಳಗೆ ಕಲ್ಲು ಎಲ್ಲಿಂದ ಬರಬೇಕು? ಪಕ್ಕದಲ್ಲಿ ಟ್ರಂಕು ಇತ್ತು, ತೆರೆದೆ, ಮೇಲಿದ್ದ ಹಿತ್ತಾಳೆ ತಕ್ಕಡಿ ಸರಿಸಿದರೆ ಕೆಳಗೇ ರಾಜನಿದ್ದ. ಕೈಗೆತ್ತಿಕೊಂಡೆ. ಆಹಾ, ಆ ತೂಕ! ಕುತ್ತಿಗೆಯ ಹತ್ತಿರ ಹಿಡಿದರೆ ಅಂಗೈಗೆ ಹೇಳಿ ಮಾಡಿಸಿದ ಹಾಗಿದ್ದ. ಹಿಂದಿನವರ ಕೈಕೆಲಸಕ್ಕೆ ಬೆರಗಾಗುತ್ತಲೇ ಪೀಠದ ಕಡೆಯಿಂದ ಮೊಳೆಯ ಮೇಲೆ ಒಂದು ಏಟು ಹಾಕಿದೆ. ಮೊಳೆ ನೆಟ್ಟಗೆ ಹೋಯಿತು. ಎರಡನೇ ಏಟಿಗೆ ಇನ್ನೂ ಹೋಯಿತು. ಮೂರನೇ ಏಟಿಗೆ ರಾಜನ ಮೈ ನೆಲಕ್ಕೆ ಬಿತ್ತು, ತಲೆ ನನ್ನ ಕೈಯಲ್ಲಿ ಉಳಿಯಿತು. ಕಿರೀಟದ ಕೆಳಗೆ ಆ ಮುಖ ನನ್ನನ್ನು ನೋಡಿ ಮೊದಲಿನ ಹಾಗೆಯೇ ಮುಗುಳ್ನಗುತ್ತಿತ್ತು. ತಲೆ, ಮೈ ಎರಡನ್ನೂ ರೇಷ್ಮೆ ತುಂಡಿನಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಸೇರಿಸಿ, ಕ್ಯಾಲೆಂಡರ್ ತೂಗುಹಾಕಿದೆ. ಸಂಜೆ ವಿಶಾಲು ಬಂದು, "ಪರವಾಗಿಲ್ವೇ, ಮೊಳೆ ನೆಟ್ಟಗೆ ಹೊಡೆದಿದೀರಿ" ಎಂದು ಹೊಗಳಿದಳು.

ಆಗಲೇ ಹೇಳಬಹುದಿತ್ತು. ಹೇಳೋಣ ಎಂದುಕೊಂಡೇ ಇದ್ದೆ. ಯುಗಾದಿಗೆ ಹೇಳೋಣವೆಂದರೆ ಹಬ್ಬದ ದಿನ ಯಾಕೆ ಅನ್ನಿಸಿತು. ಬೇಸಿಗೆಯಲ್ಲಿ ಸೆಖೆ. ಶ್ರಾವಣದಲ್ಲಿ ಸಾಲು ಸಾಲು ವ್ರತ. ಕಚೇರಿಯಲ್ಲಿ ಒಂದು ಕಡತವನ್ನು ಒಂಬತ್ತು ತಿಂಗಳು ಮುಂದಕ್ಕೆ ತಳ್ಳುವುದು ನನಗೆ ಎಡಗೈ ಕೆಲಸ, ಆ ಅನುಭವವೆಲ್ಲ ಇಲ್ಲಿ ಉಪಯೋಗಕ್ಕೆ ಬಂತು. ನವರಾತ್ರಿಗೆ ಮೂರು ವಾರವಿದೆ ಎನ್ನುವಾಗ ವಿಶಾಲು ಟ್ರಂಕು ಇಳಿಸಿದಳು. ನಾನು ಪೇಪರಿನ ಹಿಂದೆ ಅವಿತು ಕೂತೆ. ಟಣ್ ಎಂದು ಏನೋ ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ಅವಳು ರಾಜನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

"ನಾನೇ ರೀ ಮುರಿದಿದ್ದು" ಎಂದಳು. "ಹೋದ ವರ್ಷ ಕಟ್ಟಿಡೋವಾಗ ಶೆಟ್ಟರ ಅಂಗಡಿ ಹಿತ್ತಾಳೆ ತಕ್ಕಡೀನ ಇವನ ಮೇಲೇ ಇಟ್ಟಿದ್ದೆ. ಅದರ ಭಾರಕ್ಕೇ ಹೀಗಾಗಿದೆ. ಅಜ್ಜಿ ಕಾಲದಿಂದ ಬಂದಿದ್ದನ್ನ ನನ್ನ ಕೈಯಾರೆ ಮುರಿದೆ." ಎದ್ದು ಹೋಗಿ ತಾಯಿಯ ಫೋಟೋದ ಮುಂದೆ ನಿಂತು, "ತಪ್ಪಾಯ್ತಮ್ಮ" ಎಂದು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ. ಆ ಬಾಯಿಂದ ಹೊರಟ ಮಾತು, "ಹೋಗ್ಲಿ ಬಿಡು, ಬೇಕೂಂತ ಮಾಡಿದ್ದಲ್ವಲ್ಲ" ಎಂಬುದು. ನನ್ನ ಜೀವನದಲ್ಲಿ ನಾನು ಆಡಿದ ಮಾತುಗಳಲ್ಲಿ ಇಷ್ಟು ನಾಚಿಕೆಗೇಡಿನದು ಇನ್ನೊಂದಿಲ್ಲ. ಆ ವರ್ಷ ಗೊಂಬೆ ಕೂರಿಸುವುದೇ ಬೇಡ ಎಂದು ಅವಳು ತೀರ್ಮಾನ ಮಾಡಿದಳು.

ತೀರ್ಮಾನ ಕೇಳಿದ ಮರುದಿನವೇ ನಾನು ಚಿಕ್ಕಪೇಟೆ, ಬಳೇಪೇಟೆ ಎಲ್ಲ ಸುತ್ತಿದೆ. ಎಲ್ಲಿ ನೋಡಿದರೂ ಹೊಸ ವಾರ್ನಿಷು ಬಳಿದ, ಆಗತಾನೇ ಮೀಸೆ ಮೂಡಿಸಿಕೊಂಡ ರಾಜರು. ನಮ್ಮವನ ಆ ಹಳೆಯ ಕಳೆ ಒಬ್ಬನಿಗೂ ಇರಲಿಲ್ಲ. ಕಚೇರಿಯಲ್ಲಿ ಯಾರೋ, "ಇಂಟರ್ನೆಟ್ಟಲ್ಲಿ ಸಿಗದೇ ಇರೋದು ಏನಿದೆ ಸಾರ್" ಎಂದರು. ಗಾಂಧಿ ಬಜಾರಿನ ಒಂದು ಬ್ರೌಸಿಂಗ್ ಸೆಂಟರಿಗೆ ಹೋಗಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೂತೆ. ಏನು ಹೇಳಲಿ! ಐದೇ ನಿಮಿಷಕ್ಕೆ ನಮ್ಮ ರಾಜ, ನಮ್ಮ ರಾಣಿ ಪರದೆಯ ಮೇಲೆ ಬಂದು ನಿಂತರು. ಅದೇ ಮುಗುಳ್ನಗೆ, ಅದೇ ಕಿರೀಟ, ಜೋಡಿಗೆ ಸಾವಿರದ ಎಂಟುನೂರ ಐವತ್ತು. ಎಲ್ಲಿಯದೋ ಊರಿನ ಎಲ್ಲಿಯದೋ ವ್ಯಾಪಾರಿಯ ಮನೆಯ ಗೊಂಬೆ ನನ್ನ ಮುಂದೆ ಬಂದು ನಿಲ್ಲುತ್ತದಲ್ಲ ಎಂದು ಕಣ್ಣು ತೇವವಾಯಿತು. ಸೆಂಟರಿನ ಯಜಮಾನರು ಬಗ್ಗಿ ನೋಡಿ, "ಸಾರ್, ಗೊತ್ತಿಲ್ಲದ ಕಡೆ ಕಾರ್ಡ್ ನಂಬರ್ ಹಾಕ್ಬೇಡಿ" ಎಂದರು. ಬೆರಗಿನಲ್ಲಿರುವವನಿಗೆ ಬುದ್ಧಿ ಹೇಳಬಾರದು. ನನಗೆ ಅವರ ಮೇಲೆ ಸಿಟ್ಟು ಬಂತು.

ಕಾರ್ಡು ಎಂದರೆ ಕ್ರೆಡಿಟ್ ಕಾರ್ಡು. ಬ್ಯಾಂಕಿನವರು ಕಚೇರಿಗೇ ಬಂದು ಅಂಟಿಸಿ ಹೋಗಿದ್ದರು. ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿಟ್ಟಿದ್ದ ಅದನ್ನು ಮೊದಲ ಬಾರಿಗೆ ಹೊರತೆಗೆದಿದ್ದೆ. ಮರುದಿನ ವ್ಯಾಪಾರಿಯಿಂದ ಈಮೇಲ್ ಬಂತು. 'ಅತ್ಯಂತ ಗೌರವಾನ್ವಿತರೇ' ಎಂದು ಶುರುವಾಗಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ತಮ್ಮ ಭದ್ರತೆಗಾಗಿ ಕಾರ್ಡಿನ ಎರಡೂ ಬದಿಯ ಪ್ರತಿಯನ್ನು ಫ್ಯಾಕ್ಸ್ ಮಾಡಬೇಕೆಂದು ವಿನಂತಿಸಿದ್ದ. ವಿನಂತಿ ನನಗೆ ಬಹಳ ಸಮಂಜಸವಾಗಿ ಕಂಡಿತು. ದಾಖಲೆ ನೋಡದೆ ಕೆಲಸ ಮಾಡದವನು ಎಂದ ಮೇಲೆ ಮನುಷ್ಯ ಗಟ್ಟಿ! ಆದರೆ ಬರೀ ಜೆರಾಕ್ಸ್ ಕಳಿಸುವುದು ಹೇಗೆ? ನಮ್ಮ ಇಲಾಖೆಯಲ್ಲಿ ದೃಢೀಕರಣವಿಲ್ಲದ ಜೆರಾಕ್ಸಿಗೆ ಕಡಲೆಕಾಯಿ ಪೊಟ್ಟಣದ ಬೆಲೆಯೂ ಇಲ್ಲ. ಪಕ್ಕದ ವಿಭಾಗದ ಗೆಜೆಟೆಡ್ ಅಧಿಕಾರಿ ಶಂಕರಲಿಂಗಯ್ಯ ನನ್ನ ಹಳೆಯ ಸ್ನೇಹಿತ. ಅವನ ಹತ್ತಿರ ಹೋದೆ.

"ಏನಪ್ಪಾ ಇದು, ಮಾರ್ಕ್ಸ್ ಕಾರ್ಡಾ?" ಎಂದ.

"ಅಲ್ಲ, ಕ್ರೆಡಿಟ್ ಕಾರ್ಡು."

"ಎಲ್ಲಿ, ಒರಿಜಿನಲ್ ತೋರ್ಸು. ನೋಡ್ದೆ ನಾನು ಸೈನ್ ಹಾಕಲ್ಲ."

ಶಂಕರಲಿಂಗಯ್ಯ ಕರ್ತವ್ಯನಿಷ್ಠ. ಹದಿನಾರು ಅಂಕಿಯನ್ನೂ ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿದ. ಹಿಂಬದಿಯಲ್ಲಿ ಮೂರು ಅಂಕಿಯ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಅದು ಜೆರಾಕ್ಸಿನಲ್ಲಿ ಮಂಕಾಗಿತ್ತು. ಅದನ್ನು ಹಸಿರು ಶಾಯಿಯಲ್ಲಿ ದುಂಡಗೆ ತಿದ್ದಿ, ಪಕ್ಕದಲ್ಲಿ ಚಿಕ್ಕ ರುಜು ಹಾಕಿ, ಕೆಳಗೆ 'ನಿಜಪ್ರತಿ' ಎಂಬ ಮೊಹರು ಒತ್ತಿ, ಊದಿ ಒಣಗಿಸಿ ಕೊಟ್ಟ. ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್ ಮಾಡಿದೆ. ಲೋಕದಲ್ಲಿ ಎಷ್ಟೋ ಜನ ಕಳ್ಳರಿಗೆ ಬೀಗದ ಕೈ ಕೊಟ್ಟಿರಬಹುದು. ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಕೊಟ್ಟವನು ನಾನೊಬ್ಬನೇ ಇರಬೇಕು.

ಹತ್ತು ದಿನಕ್ಕೆ, ಒಂದು ಶನಿವಾರ ಬೆಳಿಗ್ಗೆ, ಪಾರ್ಸೆಲ್ ಬಂತು. ಗುಟ್ಟಾಗಿರಲೆಂದು ಕಚೇರಿಯ ವಿಳಾಸ ಕೊಟ್ಟಿದ್ದೆ. ಎಲ್ಲರೂ ಸುತ್ತ ನಿಂತರು. ಹುಲ್ಲು ಸರಿಸಿದರೆ ಎರಡು ಲಟ್ಟಣಿಗೆ. ಒಂದು ಉದ್ದ, ಒಂದು ಚೋಟುದ್ದ. ಎರಡಕ್ಕೂ ಸೇರಿಸಿ ಕೆಂಪು ದಾರ ಕಟ್ಟಿತ್ತು. ನಾನು ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಿಟ್ಟಲ್ಲ, ಬೆರಗು. ಮೋಸ ಮಾಡುವವನು ಖಾಲಿ ಡಬ್ಬ ಕಳಿಸಿದ್ದರೂ ಆಗುತ್ತಿತ್ತು. ಮರದ್ದೇ, ಜೋಡಿಯೇ, ಗಂಡು ಹೆಣ್ಣಿನ ಅಳತೆಯಲ್ಲೇ ಆರಿಸಿ, ದಾರ ಕಟ್ಟಿ ಕಳಿಸಿದ್ದಾನಲ್ಲ! ಶಂಕರಲಿಂಗಯ್ಯ ಬಂದು ನೋಡಿ, "ಒರಿಜಿನಲ್ ಜೊತೆ ತಾಳೆ ಆಗ್ತಿಲ್ಲ" ಎಂದು ಹೇಳಿ ಹೋದ.

ಶನಿವಾರ ಬ್ಯಾಂಕು ಅರ್ಧ ದಿನ. ಬೇರೆ ಯಾರಾದರೂ ಆಗಿದ್ದರೆ ಫೋನ್ ಮಾಡುತ್ತಿದ್ದರು. ನಾನು ನನ್ನ ಕಸುಬಿನ ಪ್ರಕಾರ ಒಂದು ಪತ್ರ ಬರೆದೆ, ಎರಡು ಪ್ರತಿಯಲ್ಲಿ. ವಿಷಯ: 'ಗಣಕಯಂತ್ರದ ಮೂಲಕ ಖರೀದಿಸಿದ ಪಟ್ಟದ ಗೊಂಬೆಗಳ ಬದಲಿಗೆ ಲಟ್ಟಣಿಗೆಗಳು ಬಂದಿರುವ ಬಗ್ಗೆ.' ಹಿನ್ನೆಲೆಯಿಲ್ಲದ ಪತ್ರ ಪತ್ರವೇ ಅಲ್ಲ ಎಂದು ಕಿರಿಯರಿಗೆ ಪಾಠ ಹೇಳುವವನು ನಾನು. ಆದ್ದರಿಂದ ಎರಡನೇ ಪ್ಯಾರಾದಲ್ಲಿ ಹಿನ್ನೆಲೆ ಪೂರ್ತಿ ಬರೆದೆ. ಒಂದಿಷ್ಟೂ ಬಿಡದೆ ಬರೆದೆ. ಬ್ಯಾಂಕಿಗೆ ಬರೆಯುವಾಗ ಇಷ್ಟು ಸುಲಭವಾಗಿ ಬರುವ ಸತ್ಯ ಮನೆಯಲ್ಲಿ ಯಾಕೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೋ ನನಗೆ ಗೊತ್ತಿಲ್ಲ. ಮೂರನೇ ಪ್ಯಾರಾದಲ್ಲಿ, ಕಾರ್ಡಿನ ಪ್ರತಿ ಆ ವ್ಯಾಪಾರಿಯ ಕೈಯಲ್ಲೇ ಇರುವುದರಿಂದ ಮುಂದೆ ಅನಾಹುತವಾಗದಂತೆ ಕ್ರಮ ಕೈಗೊಳ್ಳಬೇಕೆಂದು ಕೋರಿದೆ. ಶಾಖೆಯ ಗುಮಾಸ್ತೆ ಓದದೆಯೇ ಒಂದನ್ನು ಬುಟ್ಟಿಗೆ ಹಾಕಿ, ಇನ್ನೊಂದರ ಮೇಲೆ 'ಸ್ವೀಕರಿಸಲಾಗಿದೆ' ಎಂದು ದಿನಾಂಕದ ಮೊಹರು ಒತ್ತಿಕೊಟ್ಟರು. ಅದನ್ನು ಕಚೇರಿಯ ಮೇಜಿನ ಡ್ರಾಯರಿನಲ್ಲಿ ಭದ್ರವಾಗಿಟ್ಟೆ. ಲಟ್ಟಣಿಗೆಗಳನ್ನು ಜವಾನ ತನ್ನ ಮನೆಗೆ ಒಯ್ದ.

ನವರಾತ್ರಿ ಗೊಂಬೆಯಿಲ್ಲದೆ ಕಳೆಯಿತು. ಸಂಜೆ ಹೊತ್ತು ಅಕ್ಕಪಕ್ಕದ ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದು, ಖಾಲಿ ಹಜಾರ ನೋಡಿ, "ಯಾಕ್ರೀ ಈ ಸಲ?" ಎಂದರೆ ವಿಶಾಲು, "ನನ್ನಿಂದಾನೇ ಮುರಿದುಹೋಯ್ತು" ಎನ್ನುತ್ತಿದ್ದಳು. ಒಂಬತ್ತು ದಿನವೂ ಹೇಳಿದಳು. ನಾನು ಒಂಬತ್ತು ದಿನವೂ ಒಳಕೋಣೆಯಲ್ಲಿ ಕೂತು ಕೇಳಿದೆ.

ಹಬ್ಬ ಮುಗಿದ ವಾರ ಕಾರ್ಡಿನ ಲೆಕ್ಕದ ಕಾಗದ ಮನೆಗೆ ಬಂತು. ನಮ್ಮ ಮನೆಯ ಟಪಾಲು ಒಡೆಯುವ ಅಧಿಕಾರ ವಿಶಾಲುವಿನದು. ಸಂಜೆ ನಾನು ಚಪ್ಪಲಿ ಬಿಡುತ್ತಿರುವಾಗಲೇ, "ಇಪ್ಪತ್ತೇಳು ಸಾವಿರಕ್ಕೆ ಎರಡು ಮೊಬೈಲ್ ಯಾರಿಗೆ ಕೊಡಿಸಿದ್ರಿ?" ಎಂದಳು. ನನ್ನ ಎರಡು ತಿಂಗಳ ಸಂಬಳ. ಯಾವುದೋ ದೂರದ ಊರಿನಲ್ಲಿ, ನಾನು ಪತ್ರ ಕೊಟ್ಟ ಮೂರನೇ ದಿನ, ಮಂಗಳವಾರ, ನನ್ನ ನಿಜಪ್ರತಿಯ ಬಲದಿಂದ ಯಾರೋ ಕೊಂಡಿದ್ದರು. ಎಲ್ಲ ಹೇಳಿದೆ. ಎಲ್ಲ ಎಂದರೆ, ಮೊಳೆಯೊಂದನ್ನು ಬಿಟ್ಟು. ಅವಳಿಗೆ ಹೇಳದೆ ಹೊಸ ರಾಜನನ್ನು ತರಿಸಲು ಹೋಗಿ ಮೋಸಹೋದೆ ಎಂದೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣಲ್ಲಿ ನೀರು ಬಂತು. "ನಾನು ಮುರಿದಿದ್ದಕ್ಕೆ ನೀವು ಇಷ್ಟೆಲ್ಲಾ ಒದ್ದಾಡಿದ್ರಾ?" ಎಂದು ನನ್ನ ಕೈ ಹಿಡಿದುಕೊಂಡಳು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದೆವು. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಒಂದು ಹೆಣ್ಣುಮಗಳು ಸಿಕ್ಕಳು. ಕಾರ್ಡಿನ ವಿವರ ನೀವೇ ಕೊಟ್ಟಿದ್ದೀರಿ, ದೂರನ್ನು ಈವತ್ತು ಕೊಡುತ್ತಿದ್ದೀರಿ, ಆದ್ದರಿಂದ ಹೊಣೆ ನಿಮ್ಮದೇ ಎಂದು ಜೇನಿನಂಥ ದನಿಯಲ್ಲಿ ಹೇಳಿದಳು. ತಕರಾರಿದ್ದರೆ ತಿಂಗಳ ಕೊನೆಯೊಳಗೆ ಕಾರ್ಡ್ ವಿಭಾಗಕ್ಕೆ ಪುರಾವೆ ಸಮೇತ ಬರಬೇಕಂತೆ. ನಾನು ಆ ದನಿಯ ಸೌಜನ್ಯಕ್ಕೆ ಮಾರುಹೋಗಿ, "ಆಗಲಮ್ಮ, ಥ್ಯಾಂಕ್ಸ್" ಎಂದೆ. ವಿಶಾಲು ರಿಸೀವರ್ ಕಿತ್ತುಕೊಂಡು ಇಟ್ಟಳು.

ಈಗ ಅವಳ ತವರಿನ ಬಗ್ಗೆ ಒಂದು ಮಾತು. ವಿಶಾಲುವಿನ ತಂದೆಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿಯಿತ್ತು. ಅವರ ಅಂಗಡಿಯಲ್ಲಿ ಒಂದು ಕಟ್ಟಳೆ. ಮೂಟೆ ಕೊಂಡವರು ಹುಳುಕಿದೆ, ಕಲ್ಲಿದೆ ಎಂದು ತಕರಾರು ಹೇಳುವುದಿದ್ದರೆ ಕೈಗಾಡಿಯಿಂದ ಮೂಟೆ ಇಳಿಯುವ ಮುಂಚೆ ಹೇಳಬೇಕು. ಮುಂಚೆ ಹೇಳಿದರೆ ನಷ್ಟ ಅಂಗಡಿಯದು, ಇಳಿದ ಮೇಲೆ ಹೇಳಿದರೆ ಕೊಂಡವನದು. ಮಾಲು ಎಂಥದು ಎನ್ನುವುದು ಆಮೇಲಿನ ಮಾತು. ಅಲ್ಲಿ ಮೊದಲು ಕೇಳುತ್ತಿದ್ದದ್ದು ಒಂದೇ: ಯಾವಾಗ ಹೇಳಿದೆ? ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಗಲ್ಲಾದ ಪಕ್ಕ ಕೂತು ಇಂಥ ನೂರಾರು ಜಗಳಗಳನ್ನು ಕೇಳಿ ಬೆಳೆದವಳು ಅವಳು.

ಮರುದಿನ ನಾನು ಪುರಾವೆಗೆಂದು ಜವಾನನಿಂದ ಲಟ್ಟಣಿಗೆಗಳನ್ನು ವಾಪಸು ಪಡೆದು ಕಚೇರಿಯಿಂದ ಬರುವ ಹೊತ್ತಿಗೆ ಹಜಾರದಲ್ಲಿ ಟ್ರಂಕು ತೆರೆದಿತ್ತು. ಅವಳ ಕೈಯಲ್ಲಿ ಪಂಚಾಂಗ ಓದುವ ಭೂತಗನ್ನಡಿ, ಮುಂದೆ ಸುಕ್ಕುಸುಕ್ಕಾದ ಒಂದು ತೆಳ್ಳನೆ ಕಾಗದ. ಕಾರ್ಡಿನ ಜೊತೆ ಬಂದಿದ್ದ ಷರತ್ತುಗಳ ಪಟ್ಟಿ ಅದು. ಇರುವೆ ಸಾಲಿನಂಥ ಅಕ್ಷರ. ಲೋಕದಲ್ಲಿ ಯಾರೂ ಓದಿರದ ಸಾಹಿತ್ಯ. ನಾನು ಎಸೆದಿದ್ದೆ. ಅವಳು ಎತ್ತಿಟ್ಟು ದಿನಸಿ ಅಂಗಡಿಯ ಶೆಟ್ಟರ ಗೊಂಬೆಗೆ ಸುತ್ತಿದ್ದಳು. ಬೆಳಗಿನಿಂದ ಕೂತು, ಹಾಸ್ಟೆಲಿನಲ್ಲಿರುವ ಮಗಳ ಹಳೆಯ ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು, ಇಪ್ಪತ್ತಮೂರನೇ ಷರತ್ತಿನವರೆಗೆ ಬಂದಿದ್ದಳು. ನಾನು ಕಣ್ಣರಳಿಸಿ ನಿಂತೆ.

"ಸಿಕ್ತು ರೀ" ಎಂದಳು. "ತರಗುಪೇಟೆ ಲೆಕ್ಕಾನೇ. ಬ್ಯಾಂಕಿಗೆ ಬಾಯಲ್ಲೋ ಬರಹದಲ್ಲೋ ತಿಳಿಸೋವರೆಗೂ ಆದ ನಷ್ಟ ನಮ್ಮದು. ತಿಳಿಸಿದ ಮೇಲಿನದ್ದು ಅವರದು. ನೀವು ಶನಿವಾರಾನೇ ಬ್ಯಾಂಕಿಗೆ ಹೋಗಿದ್ದೆ ಅಂದ್ರಲ್ಲ, ಏನಾದ್ರೂ ಬರೆದು ಕೊಟ್ರಾ? ಅದಕ್ಕೆ ಪುರಾವೆ ಇದ್ಯಾ?"

ನನ್ನ ಕಣ್ಣ ಮುಂದೆ ಕಚೇರಿಯ ಡ್ರಾಯರು, ಅದರೊಳಗೆ ಮೊಹರು ಬಿದ್ದ ಆ ಪತ್ರ, ಅದರ ಎರಡನೇ ಪ್ಯಾರಾ ಒಂದಾದ ಮೇಲೊಂದು ಬಂದು ನಿಂತವು. "ಇಲ್ಲ" ಎಂದೆ.

ಮುಂದಿನ ಮೂರು ದಿನ ನಾನು ಅನ್ನ ತಿಂದದ್ದು ಹೇಗೋ. ಪತ್ರ ಕೊಟ್ಟರೆ ಎರಡು ತಿಂಗಳ ಸಂಬಳ ಉಳಿಯುತ್ತದೆ, ನಾನು ಉಳಿಯುವುದಿಲ್ಲ. ಕೊಡದಿದ್ದರೆ ನಾನು ಉಳಿಯುತ್ತೇನೆ, ಆದರೆ ಅವಳು ಕೈಬಳೆ ಅಡವಿಡುವ ಮಾತಾಡುತ್ತಿದ್ದಾಳೆ. ಅದೂ ತನ್ನ ತಪ್ಪಿಗೆ ಪ್ರಾಯಶ್ಚಿತ್ತವೆಂದು. ಎರಡನೇ ಪ್ಯಾರಾ ಕತ್ತರಿಸಿ ಜೆರಾಕ್ಸ್ ತೆಗೆಸಿದರೆ ಹೇಗೆ ಎಂದು ಕೂಡ ಯೋಚಿಸಿದೆ. ಶಂಕರಲಿಂಗಯ್ಯ ಅದನ್ನು ದೃಢೀಕರಿಸುವುದಿಲ್ಲವೆಂದು ಖಚಿತವಾಗಿ ಹೇಳಿದ. ಕೊನೆಗೆ ಗಡುವಿನ ದಿನ ಬಂತು. ಮಧ್ಯಾಹ್ನ ಮೂರಕ್ಕೆ ಕೌಂಟರ್ ಮುಚ್ಚುತ್ತಾರೆ. ನಾನು ಎರಡೂವರೆಗೆ ಸರಿಯಾಗಿ ಮನೆಗೆ ಓಡಿಬಂದು, "ಡ್ರಾಯರಲ್ಲಿ ಸಿಕ್ತು" ಎಂದು ಪತ್ರ ಚಾಚಿದೆ. ಎರಡೂವರೆಗೇ ಯಾಕೆಂದರೆ ಅವಳಿಗೆ ಓದಲು ಸಮಯ ಇರಬಾರದು. ನನ್ನ ಹೇಡಿತನಕ್ಕೂ ಒಂದು ವೇಳಾಪಟ್ಟಿ ಇತ್ತು.

ಲೆಕ್ಕಾಚಾರ ಫಲಿಸಿತು. ಅವಳು ಭೂತಗನ್ನಡಿಯಲ್ಲಿ ಮೊಹರು ಮಾತ್ರ ನೋಡಿ, "ತಾರೀಖು ಇದೆ, ಸಾಕು, ನಡೀರಿ" ಎಂದು ಚೀಲಕ್ಕೆ ಹಾಕಿಕೊಂಡಳು. ಆಟೋದಲ್ಲಿ ನಾನು ಸಿಳ್ಳೆ ಹಾಕುವುದೊಂದು ಬಾಕಿ.

ಕಾರ್ಡ್ ವಿಭಾಗದ ಅಧಿಕಾರಿ ಟೈ ಕಟ್ಟಿದ ಯುವಕ. ನಮ್ಮ ಊರಿನವನೇ, ಆದರೆ ಪತ್ರ ತಿರುಗಿಸಿ ಮುರುಗಿಸಿ ನೋಡಿ, "ಕನ್ನಡ ಮಾತಾಡ್ತೀನಿ ಮೇಡಂ, ಓದೋಕೆ ಸ್ವಲ್ಪ ಕಷ್ಟ. ನೀವೇ ಓದಿ ಹೇಳ್ಬಿಡಿ, ಟೈಪ್ ಮಾಡ್ಕೊತೀನಿ" ಎಂದ. "ನಾನು ಓದ್ತೀನಿ" ಎಂದು ಕೈ ಚಾಚಿದೆ. "ನಿಮ್ಮ ಕನ್ನಡಕ ಮನೇಲಿದೆ" ಎಂದಳು ವಿಶಾಲು.

ಅವಳದು ಕಂಚಿನ ಕಂಠ. ಮೊದಲ ಪ್ಯಾರಾ ಓದಿದಳು. ಪಕ್ಕದ ಮೇಜುಗಳಲ್ಲಿ ಲಟ್ಟಣಿಗೆಗೆ ನಗು ಎದ್ದಿತು. ಆಮೇಲೆ ಎರಡನೆಯದು.

"'ಸದರಿ ಗೊಂಬೆಗಳ ಅಗತ್ಯ ಉಂಟಾದ ಹಿನ್ನೆಲೆ ಏನೆಂದರೆ, ಕಳೆದ ಜನವರಿಯಲ್ಲಿ ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆಯುವ ಸಂದರ್ಭದಲ್ಲಿ ಸುತ್ತಿಗೆ ಲಭ್ಯವಿಲ್ಲದ ಪ್ರಯುಕ್ತ, ನನ್ನ ಪತ್ನಿಯ ತವರಿನ ರಾಜನ ಗೊಂಬೆಯನ್ನು ಬಳಸಲಾಗಿ, ಅದರ ಶಿರಸ್ಸು ಬೇರ್ಪಟ್ಟಿರುತ್ತದೆ. ಸದರಿ ವಿಷಯವನ್ನು ಪತ್ನಿಯವರ ಗಮನಕ್ಕೆ ತಂದಿರುವುದಿಲ್ಲ. ಅವರು ತಮ್ಮದೇ ತಪ್ಪೆಂದು ಭಾವಿಸಿರುತ್ತಾರೆ.'"

ಅಲ್ಲಿಗೆ ಅವಳ ದನಿ ನಿಂತಿತು. ಯುವಕನ ಬೆರಳುಗಳೂ ನಿಂತವು. ಪಕ್ಕದ ಮೇಜಿನಲ್ಲಿ ಯಾರೂ ನಗಲಿಲ್ಲ. ನಾನು ನೆಲದ ಮೊಸಾಯಿಕ್ ನೋಡುತ್ತಿದ್ದೆ. ಅವಳು ಒಮ್ಮೆ ಉಸಿರೆಳೆದುಕೊಂಡು, ಅದೇ ಏರುದನಿಯಲ್ಲಿ, ಏನೂ ಆಗದವಳಂತೆ ಮೂರನೇ ಪ್ಯಾರಾ ಓದಿ ಮುಗಿಸಿದಳು. ಆಮೇಲೆ ಮೊಹರಿನ ಮೇಲೆ ಬೆರಳಿಟ್ಟಳು.

"ಇದು ಶನಿವಾರ. ಮೊಬೈಲ್ ಕೊಂಡಿರೋದು ಮಂಗಳವಾರ. ನಡುವೆ ಈ ಕಾಗದ ನಿಮ್ಮ ಹತ್ರ ಏನ್ ಮಾಡ್ತಿತ್ತು?"

"ಮೇಡಂ, ಸಾರ್ ಕಾರ್ಡ್ ಕಾಪೀನ ಅಟೆಸ್ಟ್ ಮಾಡ್ಸಿ ಕೊಟ್ಟಿದಾರೆ. ಕಸ್ಟಮರ್ ಕಡೆಯಿಂದಾನೇ ನೆಗ್ಲಿಜೆನ್ಸ್ ಆಗಿದೆಯಲ್ಲ…"

"ಹೌದಪ್ಪಾ, ದಡ್ಡತನಾನೇ. ನಾನೇನು ಇಲ್ಲ ಅಂದ್ನಾ? ಶನಿವಾರದವರೆಗಿನ ದಡ್ಡತನ ನಮ್ಮದು. ಗೊಂಬೆ ದುಡ್ಡು ನಾವು ಕೇಳಲ್ಲ. ಶನಿವಾರದಿಂದ ಈಚೆಗಿನ ದಡ್ಡತನ ನಿಮ್ಮದು. ನಿಮ್ಮ ಕಾಗದಾನೇ ಹೇಳುತ್ತೆ, ನೋಡಿ" ಎಂದು, ಶೆಟ್ಟರ ಗೊಂಬೆಯ ಆಕಾರಕ್ಕೆ ಸುಕ್ಕುಗಟ್ಟಿದ್ದ ಷರತ್ತುಗಳ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಇಪ್ಪತ್ತಮೂರನೆಯದಕ್ಕೆ ಭೂತಗನ್ನಡಿ ಹಿಡಿದಳು. ಯುವಕ ಅದರೊಳಗೆ ಇಣುಕಿ ತುಂಬ ಹೊತ್ತು ಓದಿದ. ಅವನು ಅದನ್ನು ಓದುತ್ತಿದ್ದದ್ದು ಅದೇ ಮೊದಲು ಎಂದು ನನಗನ್ನಿಸಿತು. ಒಳಗೆ ಹೋಗಿ ಯಾರನ್ನೋ ಕೇಳಿಬಂದು, ನಿಂತುಕೊಂಡೇ, "ಕಂಪ್ಲೇಂಟ್ ತಗೊಂಡಿದೀವಿ ಮೇಡಂ, ರಿವರ್ಸ್ ಆಗುತ್ತೆ" ಎಂದ. ಮುಂದಿನ ತಿಂಗಳ ಲೆಕ್ಕದಲ್ಲಿ ಇಪ್ಪತ್ತೇಳು ಸಾವಿರ ಹಿಂದಕ್ಕೆ ಬಂದಿತ್ತು. ಅದುವರೆಗೆ ಬ್ಯಾಂಕಿನ ಮೆಟ್ಟಿಲನ್ನೇ ಹತ್ತಿರದ ಹೆಂಗಸು, ಒಳಗೆ ಅಷ್ಟು ದೊಡ್ಡ ಏಟು ತಿಂದ ಅದೇ ನಿಮಿಷದಲ್ಲಿ, ಮೂರನೇ ಪ್ಯಾರಾಕ್ಕೆ ದಾಟಿ ನನ್ನ ದುಡ್ಡು ಉಳಿಸಿದಳು. ನನ್ನ ಇಡೀ ಜೀವನದ ಬೆರಗನ್ನೆಲ್ಲ ಒಟ್ಟು ಹಾಕಿದರೂ ಆ ಒಂದು ಉಸಿರಿಗೆ ಸಮನಾಗುವುದಿಲ್ಲ.

ಮನೆಗೆ ನಡೆದುಕೊಂಡೇ ಹೋದೆವು. ನಮ್ಮ ರಸ್ತೆಯ ತಿರುವಿನಲ್ಲಿ, "ಪಕ್ಕದ ಮನೇಲಿ ಸುತ್ತಿಗೆ ಕೇಳಬಹುದಿತ್ತು" ಎಂದಳು. "ಹೌದು" ಎಂದೆ. ಗೇಟು ತೆರೆಯುತ್ತ ನಿಂತಳು.

"ಮುರಿದಿದ್ದಕ್ಕೆ ನಾನೇನೂ ಅನ್ನಲ್ಲ. ಮರ, ಮುರಿಯುತ್ತೆ. ನಾನು ಅಮ್ಮನ ಫೋಟೋ ಮುಂದೆ ನಿಂತು ಅತ್ತಾಗ ನೀವು ಪಕ್ಕದಲ್ಲೇ ಇದ್ರಿ. ಮೂಟೆ ಅವತ್ತೇ ಗಾಡಿಯಿಂದ ಇಳಿದುಹೋಯ್ತು. ಇನ್ನು ಅದು ನಿಮ್ಮದೇ."

ತಪ್ಪಾಯಿತು ಎಂದೆ. ಅವಳು ಸೀದಾ ಒಳಗೆ ಹೋಗಿ, ಫೋಟೋದ ಮುಂದೆ ನಿಂತು, "ನಾನಲ್ಲಮ್ಮ" ಎಂದಳು. ಅಷ್ಟೇ. ಆ ರಾತ್ರಿ ಚಪಾತಿ ಮಾಡಿದಳು, ಉದ್ದದ ಲಟ್ಟಣಿಗೆಯಲ್ಲಿ.

ಮರುವರ್ಷ ಬಡಗಿಯೊಬ್ಬರು ತಲೆಯನ್ನು ಅಂಟಿಸಿಕೊಟ್ಟರು. ಕುತ್ತಿಗೆಯಲ್ಲಿ ಒಂದು ಗೆರೆ ಉಳಿಯಿತು. ಹಾರ ಹಾಕಿ ಮುಚ್ಚೋಣವೆಂದು ನಾನು ಸಲಹೆ ಕೊಟ್ಟೆ, ಅವಳು ಒಪ್ಪಲಿಲ್ಲ. ನವರಾತ್ರಿಯಲ್ಲಿ ಯಾರಾದರೂ ಹೆಂಗಸರು ಬಂದು, "ಅಯ್ಯೋ, ರಾಜನ ಕುತ್ತಿಗೆಗೆ ಏನಾಯ್ತು?" ಎಂದರೆ ವಿಶಾಲು ಕುಂಕುಮದ ಬಟ್ಟಲು ಹಿಡಿದುಕೊಂಡು, "ಅವರನ್ನೇ ಕೇಳಿ" ಎಂದು ನನ್ನ ಕಡೆ ಕೈ ತೋರಿಸುತ್ತಾಳೆ. ನಾನು ಒಳಕೋಣೆಯಿಂದ ಎದ್ದುಬಂದು, ಮೊಳೆಯಿಂದ ಶುರುಮಾಡಿ, ಎಲ್ಲ ಹೇಳಬೇಕು. ಒಂಬತ್ತು ದಿನವೂ ಹೇಳಬೇಕು. ಎರಡು ವರ್ಷದಿಂದ ಹೇಳುತ್ತಿದ್ದೇನೆ. ಈಗ ಸಾಕಷ್ಟು ಚೆನ್ನಾಗಿಯೇ ಹೇಳುತ್ತೇನೆಂದು ಕೇಳಿದವರ ಅಭಿಪ್ರಾಯ.

ಇಷ್ಟಾದ ಮೇಲೆ ನಾನು ಪೂರ್ತಿ ಬದಲಾದ ಮನುಷ್ಯ ಎಂದು ಬರೆದು ಮುಗಿಸುವ ಆಸೆಯಿತ್ತು. ಆದರೆ ಇಪ್ಪತ್ತಮೂರನೇ ಷರತ್ತಿನ ಸರಿಯಾದ ಮಾತುಗಳನ್ನು ನೋಡಿಕೊಂಡೇ ಬರೆಯೋಣವೆಂದು ಈಗ ಸ್ವಲ್ಪ ಹೊತ್ತಿನ ಮುಂಚೆ ಅವಳ ಭೂತಗನ್ನಡಿ ತೆಗೆದೆ. ಅದು ಅವಳ ತಂದೆಯದು. ಕೈಜಾರಿ ಬಿದ್ದು, ನಡುವೆ ಸೀಳು ಬಿಟ್ಟಿದೆ. ಅವಳು ಮಲ್ಲೇಶ್ವರಕ್ಕೆ ಹೋಗಿದ್ದಾಳೆ. ಅದನ್ನು ಪಂಚಾಂಗದ ಕೆಳಗೆ ಸೇರಿಸಿಟ್ಟುಬಂದು ಈ ಕೊನೆಯ ಪುಟ ಬರೆಯುತ್ತಿದ್ದೆ. ಈಗ ಗೇಟಿನ ಸದ್ದಾಯಿತು. ಅವಳಿನ್ನೂ ಚಪ್ಪಲಿ ಬಿಟ್ಟಿಲ್ಲ, ಮೂಟೆ ಇನ್ನೂ ಗಾಡಿಯ ಮೇಲೇ ಇದೆ; ಎದ್ದು, ಪಂಚಾಂಗದ ಕೆಳಗಿಂದ ಭೂತಗನ್ನಡಿ ತೆಗೆದುಕೊಂಡು ಬಾಗಿಲಿಗೆ ಹೋಗುತ್ತೇನೆ.